ಏನೂ ನೆಡದ ಪಾತಿ

ಮೊದಲ ಹಕ್ಕಿ ಸತ್ತದ್ದು ಫೆಬ್ರವರಿಯ ಎರಡನೆಯ ಸೋಮವಾರ. ಬೆಳಿಗ್ಗೆ ಕಾಳು ತುಂಬಲೆಂದು ಸಿರಿಲ್ ಹೋಲ್ರಾಯ್ಡ್ ಹಿತ್ತಲಿಗೆ ಬಂದಾಗ ಅದು ಕಂಬದ ಬುಡದಲ್ಲಿ, ಹಿಮಗಟ್ಟಿದ ಕಲ್ಲುಹಾಸಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಹಸಿರು ಫಿಂಚ್, ರೆಕ್ಕೆಯಂಚಿನ ಹಳದಿ ಇನ್ನೂ ಮಾಸಿರಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನ ಉಗುರಿನಿಂದ ಕೊಕ್ಕು ಬಿಡಿಸಿ ನೋಡಿದ. ಗಂಟಲ ತುಂಬ ಹಳದಿ ಗಿಣ್ಣಿನಂಥದ್ದು ಕಟ್ಟಿಕೊಂಡಿತ್ತು. ಇಪ್ಪತ್ತೆರಡು ವರ್ಷ ಪಂದ್ಯದ ಪಾರಿವಾಳ ಸಾಕಿದವನು ಅವನು. ಆ ಗಂಟಲು ರೋಗವನ್ನು ಯಾರೂ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಒಂದರ ಎಂಜಲು ಕಾಳಿಗೆ ತಗಲಿ, ಆ ಕಾಳು ಇನ್ನೊಂದರ ಬಾಯಿಗೆ ಹೋಗಿ, ಒಂದೇ ತಟ್ಟೆಯಲ್ಲಿ ಉಂಡವೆಲ್ಲ ನುಂಗಲಾರದೆ ಹಸಿದು ಸಾಯುವ ರೋಗ.

ಅವನು ಮೊದಲು ಮಾಡಿದ ಕೆಲಸವೆಂದರೆ ತಿರುಗಿ ಕಿಟಕಿಯ ಕಡೆ ನೋಡಿದ್ದು. ಗಾಜಿನ ಆಚೆ ಅಕ್ಕ ಮೇವಿಸ್ ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದಳು. ಸಿರಿಲ್ ಹಕ್ಕಿಯನ್ನು ಸ್ವೆಟರಿನ ಜೇಬಿಗೆ ಇಳಿಸಿ, ಎದುರು ಗೋಡೆಯ ಬುಡದ ಪಾತಿಯಲ್ಲಿ ಕೈಸಲಿಕೆಯಿಂದ ಗೇಣುದ್ದದ ಗುಂಡಿ ತೋಡಿ ಮುಚ್ಚಿದ. ಆ ಪಾತಿಯಲ್ಲಿ ಹಿಂದೆ ಮೇವಿಸ್ ಹುರುಳಿಕಾಯಿ ಬೆಳೆಯುತ್ತಿದ್ದಳು. ಆಮೇಲೆ ಕಾಳಿನ ಡಬ್ಬ ತಂದು, ಕಂಬಕ್ಕೆ ನೇತುಹಾಕಿದ್ದ ಗಾಜಿನ ಕೊಳವೆಗೆ ಎಂದಿನಂತೆ ಸೂರ್ಯಕಾಂತಿ ಬೀಜ ಸುರಿದ. ಗೊತ್ತಿದ್ದೂ ಗೊತ್ತಿದ್ದೂ ಸುರಿದ. ಅವನ ಪರವಾಗಿ ನಾನು ವಾದ ಮಾಡುವುದಿಲ್ಲ. ಒಳಗೆ ಮಲಗಿದ್ದವಳು ಯಾರು ಎಂಬುದನ್ನಷ್ಟೇ ಹೇಳುತ್ತೇನೆ.

ಮೇವಿಸ್ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಸಿರಿಲ್‌ಗೆ ಆರು, ಅವಳಿಗೆ ಹದಿನೇಳು. ಅಂದಿನಿಂದ ಅವನಿಗೆ ಬೂಟಿನ ದಾರ ಕಟ್ಟಿದವಳು, ಕಿವಿ ಹಿಂಡಿದವಳು, ಬಣ್ಣದ ಕಾರ್ಖಾನೆಯ ಕೆಲಸಕ್ಕೆ ಹೊರಟಾಗ ಡಬ್ಬಿ ಕಟ್ಟಿಕೊಟ್ಟವಳು ಎಲ್ಲ ಅವಳೇ. ಒಬ್ಬ ಬಸ್ ಡ್ರೈವರ್ ಅವಳಿಗಾಗಿ ನಾಲ್ಕು ವರ್ಷ ಕಾದ. "ನಮ್ಮ ಸಿರಿಲ್ ಇನ್ನೂ ಚಿಕ್ಕವನು" ಅನ್ನುತ್ತಲೇ ಇದ್ದಳು. ಸಿರಿಲ್ ದೊಡ್ಡವನಾಗುವ ಹೊತ್ತಿಗೆ ಆ ಮನುಷ್ಯ ಬೇರೆ ಊರಿನಲ್ಲಿ ಎರಡು ಮಕ್ಕಳ ತಂದೆಯಾಗಿದ್ದ. ಸಿರಿಲ್‌ಗೂ ಮದುವೆಯ ಯೋಗ ಕೂಡಿಬರಲಿಲ್ಲ. ಹಾಗಾಗಿ ಆ ಸಾಲುಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ ಮುದುಕರಾದರು.

ಮೂವತ್ತೊಂದು ವರ್ಷ ಮೇವಿಸ್ ಊರಿನ ಶಾಲೆಯ ಅಡುಗೆಮನೆಯಲ್ಲಿ ದುಡಿದಿದ್ದಳು. ನಿವೃತ್ತಳಾದ ಮೇಲೂ ಬಡಿಸುವ ಚಾಳಿ ಬಿಡಲಿಲ್ಲ. ಮಕ್ಕಳ ಬದಲು ಹಕ್ಕಿಗಳು ಬಂದವು, ಅಷ್ಟೇ. ಗುಬ್ಬಚ್ಚಿಗಳ ಹಿಂಡು ಅವಳ ಪಾಲಿಗೆ "ಮೂರನೇ ಕ್ಲಾಸು". ನೀಲಿ ನೆತ್ತಿಯ ಪುಟಾಣಿಗಳು ಶಿಶುವಿಹಾರ. ಎಲ್ಲರನ್ನೂ ತಳ್ಳಿ ತಾನೇ ತಿನ್ನುವ ದಪ್ಪ ಹಸಿರು ಫಿಂಚ್ ಒಂದಕ್ಕೆ "ಹೆಡ್‌ಮಾಸ್ಟರ್" ಎಂದು ಹೆಸರಿಟ್ಟಿದ್ದಳು. ಪ್ರತಿ ಶನಿವಾರ ಕೊಳವೆ ತಟ್ಟೆಗಳನ್ನೆಲ್ಲ ಕೆಳಗಿಳಿಸಿ, ಕೆಟಲಿನ ಕುದಿನೀರು ಸುರಿದು, ಬ್ರಷ್ ಹಾಕಿ ತಿಕ್ಕಿ, ಒಣಗಿಸಿಯೇ ಮತ್ತೆ ಏರಿಸುತ್ತಿದ್ದಳು. "ಅವಕ್ಕೇನು ಬೆಳ್ಳಿ ತಟ್ಟೆ ಬೇಕಾ ಅಕ್ಕ?" ಎಂದು ಸಿರಿಲ್ ಕಿಚಾಯಿಸುತ್ತಿದ್ದ.

ಅಕ್ಟೋಬರಿನಲ್ಲಿ ಅವಳಿಗೆ ಮೆಟ್ಟಿಲಿಳಿಯುವುದು ಕಷ್ಟವಾಯಿತು. ಅಂದಿನಿಂದ ಕಾಳಿನ ಕೆಲಸ ಸಿರಿಲ್‌ನದು. ಅವನು ತಪ್ಪದೆ ತುಂಬಿದ, ಒಂದು ದಿನವೂ ಬಿಡಲಿಲ್ಲ. ಒಂದು ದಿನವೂ ತೊಳೆಯಲಿಲ್ಲ. ಹಳೆ ಕಾಳಿನ ಮೇಲೆ ಹೊಸ ಕಾಳು, ಅದರ ಮೇಲೆ ಮಳೆ. ಪಾರಿವಾಳದ ಗೂಡನ್ನು ದಿನಾ ಕೆರೆದು ಚೊಕ್ಕ ಮಾಡುತ್ತಿದ್ದವನಿಗೆ ಹಿತ್ತಲ ಹಕ್ಕಿಯ ತಟ್ಟೆ ಕಾಣಿಸಲೇ ಇಲ್ಲ. ಕಾಡುಹಕ್ಕಿ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ ಎಂಬುದು ಪಾರಿವಾಳದವರಿಗೆಲ್ಲ ಇರುವ ಅಸಡ್ಡೆ.

ಜನವರಿಯಲ್ಲಿ ಆಸ್ಪತ್ರೆಯವರು, ಹೃದಯ ಸೋತಿದೆ, ಇನ್ನು ಮನೆಯಲ್ಲೇ ನೆಮ್ಮದಿಯಾಗಿರಲಿ ಎಂದು ಮೇವಿಸ್‌ಳನ್ನು ಕಳಿಸಿಕೊಟ್ಟರು. ತಾವೇ ಕೊಟ್ಟ ಚಕ್ರದ ಮಂಚವನ್ನು ಹಿಂದಿನ ಕೋಣೆಯ ಕಿಟಕಿಗೆ ತಾಗಿಸಿ ಹಾಕಿದರು. ದಿನಕ್ಕೆ ನಾಲ್ಕು ಚಮಚ ಕಸ್ಟರ್ಡ್ ಅವಳೊಳಗೆ ಹೋದರೆ ಹೆಚ್ಚು. ಸಿರಿಲ್ ಚಮಚ ಹಿಡಿದು "ಇನ್ನೊಂದೇ ಒಂದು ಅಕ್ಕ" ಎಂದು ಗೋಗರೆಯುತ್ತಿದ್ದ. ಅವಳ ಮುಖಕ್ಕೆ ಜೀವ ಬರುತ್ತಿದ್ದದ್ದು ಹಕ್ಕಿ ಬಂದಾಗ ಮಾತ್ರ. "ಏಯ್, ಸಾಲಲ್ಲಿ ಬನ್ರೋ! ಹೆಡ್‌ಮಾಸ್ಟ್ರೇ, ನಿಮಗೆ ನಾಚಿಕೆ ಆಗಲ್ವಾ?" ಎಂದು ಕ್ಷೀಣ ದನಿಯಲ್ಲಿ ಗದರುವಾಗ ಅವಳು ಮತ್ತೆ ಹಳೆಯ ಮೇವಿಸ್. ಈಗ ತಟ್ಟೆ ಕೆಳಗಿಳಿಸಿದರೆ ಆ ಕಿಟಕಿಯಲ್ಲಿ ಉಳಿಯುವುದು ಒಂದು ಬೋಳು ಕಂಬ, ಒಂದು ಗೋಡೆ.

ಬುಧವಾರ ಇನ್ನೆರಡು ಸತ್ತವು. ಶುಕ್ರವಾರ ಒಂದು. ಕೆಲವು ಸಾಯದೆ ತಟ್ಟೆಯ ಅಂಚಿನಲ್ಲೇ ಪುಕ್ಕ ಉಬ್ಬಿಸಿಕೊಂಡು ಕೂತಿರುತ್ತಿದ್ದವು. ಕೊಕ್ಕು ಒದ್ದೆ. ಕಾಳು ಕಚ್ಚುತ್ತವೆ, ಹೊರಳಿಸುತ್ತವೆ, ನುಂಗಲಾರದೆ ಉದುರಿಸುತ್ತವೆ. ಉದುರಿದ್ದನ್ನು ಇನ್ನೊಂದು ಹೆಕ್ಕುತ್ತದೆ. ಸಿರಿಲ್ ಬೆಳಕು ಹರಿಯುವ ಮೊದಲೇ ಎದ್ದು, ಅಕ್ಕ ಏಳುವುದರೊಳಗೆ ಸತ್ತವನ್ನು ಪಾತಿಗೆ ಸೇರಿಸಿ, ಕೈ ತೊಳೆದು, ಚಹಾ ಮಾಡಿಕೊಂಡು ಏನೂ ಆಗದವನಂತೆ ಒಳಗೆ ಬರುತ್ತಿದ್ದ. ಪಾಪ, ತಾನು ಭಾರಿ ಜಾಣ ಅಂದುಕೊಂಡಿದ್ದ.

ಶನಿವಾರ ಅವನಿಗೆ ಒಂದು ಉಪಾಯ ಹೊಳೆಯಿತು. ಶೆಡ್ಡಿನ ಅಟ್ಟದ ಮೇಲೆ ಪಾರಿವಾಳದ ಕಾಲದ ತಗಡಿನ ಪೆಟ್ಟಿಗೆ ಇತ್ತು. ಅದರೊಳಗೆ ಗಂಟಲು ರೋಗದ ಮಾತ್ರೆ. ತಾರೀಕು ಮುಗಿದು ಎಷ್ಟು ವರ್ಷವಾಗಿತ್ತೋ. ಆರು ಮಾತ್ರೆ ಪುಡಿಮಾಡಿ ಹಕ್ಕಿಗಳ ನೀರಿನ ತಟ್ಟೆಗೆ ಹಾಕಿ ಕಡ್ಡಿಯಿಂದ ಕಲಕುತ್ತಿದ್ದಾಗ ಗೋಡೆಯ ಮೇಲೆ ಟ್ರೆವರ್ ಬಾರ್ಕರನ ತಲೆ ಕಾಣಿಸಿತು. ಪಕ್ಕದ ಮನೆಯವನು. ಸಿರಿಲ್ ಮಂಡಿನೋವೆಂದು ಪಾರಿವಾಳ ಬಿಟ್ಟಾಗ ಅವನ್ನೆಲ್ಲ ಕೊಂಡವನು ಅವನೇ.

"ಏನಯ್ಯಾ, ಬೆಳಬೆಳಿಗ್ಗೆ ಕಷಾಯ?"

"ನೀರು ಬದಲಾಯಿಸ್ತಿದೀನಿ."

"ಕಡ್ಡಿ ಹಾಕಿ ತಿರುವೋ ನೀರಾ? ನನಗೂ ಎರಡು ಕಣ್ಣಿದೆ ಮಾರಾಯ. ಆ ಹಸಿರು ಹಕ್ಕಿಗಳ ಅವಸ್ಥೆ ನಾನೂ ವಾರದಿಂದ ನೋಡ್ತಿದೀನಿ. ನೀನೇ ತೆಗೀತೀಯ, ನಾಳೆ ತೆಗೀತೀಯ ಅಂತ ಸುಮ್ಮನಿದ್ದೆ."

ಸಿರಿಲ್ ಕಡ್ಡಿ ಕೆಳಗಿಟ್ಟ. "ಮಾತ್ರೆ ಹಾಕಿದ್ರೆ ನಮ್ಮ ಪಾರಿವಾಳ ಸರಿಹೋಗ್ತಿರಲಿಲ್ವಾ?"

"ಪಾರಿವಾಳನ ಕೈಯಲ್ಲಿ ಹಿಡಿದು, ಬಾಯಿ ಬಿಡಿಸಿ, ಒಳಗೆ ಹಾಕ್ತಿದ್ವಿ. ಇದು ಯಾರು ಎಷ್ಟು ಕುಡೀತಾರೆ ನಿನಗೆ ಗೊತ್ತಾ? ಕೈಗೆ ಸಿಗದೇ ಇರೋದಕ್ಕೆ ಔಷಧಿ ಮಾಡೋಕಾಗಲ್ಲ ಕಣಯ್ಯ. ನಿನಗೆ ನಾನು ಹೇಳ್ಬೇಕಾ ಇದನ್ನ? ಎಲ್ಲಾ ಕೆಳಗಿಳಿಸು. ಕಾಳು, ನೀರು, ಎಲ್ಲಾ. ಮೂರ್ನಾಲ್ಕು ವಾರ ಏನೂ ಇಡಬೇಡ. ಒಂದೇ ಕಡೆ ಮುತ್ಕೊಳ್ಳೋದು ಬಿಟ್ಟು ಚದುರಿ ಹೋಗ್ತವೆ. ಆಗ ಉಳಿಯೋವು ಉಳೀತವೆ."

"ನಾಲ್ಕು ವಾರ" ಅಂದ ಸಿರಿಲ್. "ಅವಳ ಹತ್ತಿರ ನಾಲ್ಕು ವಾರ ಇಲ್ಲ, ಟ್ರೆವರ್."

ಟ್ರೆವರ್‌ಗೆ ಬಾಯಿ ಇದ್ದಷ್ಟೇ ದೊಡ್ಡ ಮನಸ್ಸೂ ಇತ್ತು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು, "ನನ್ನ ಪಾರಿವಾಳಕ್ಕೆ ತಗಲಿದ್ರೆ ಕೇಳೋಕೆ ಬರ್ತೀನಿ ಅಂತ ಹೇಳೋಕೆ ಬಂದಿದ್ದೆ" ಅಂದ. "ಬರಲ್ಲ ಬಿಡು. ಆದ್ರೆ ನೀನು ಮಾಡ್ತಿರೋದು ಸರಿಯಲ್ಲ." ತಲೆ ಗೋಡೆಯಾಚೆ ಇಳಿಯಿತು.

ಸಿರಿಲ್ ಔಷಧಿಯ ನೀರನ್ನು ಚರಂಡಿಗೆ ಚೆಲ್ಲಿದ. ಕಾಳಿನ ಕೊಳವೆಗೆ ಕೈ ಹಾಕಿದ. ಅಷ್ಟರಲ್ಲಿ ಕಿಟಕಿಯೊಳಗಿಂದ ಅವನನ್ನೇ ನೋಡುತ್ತಿದ್ದ ಮೇವಿಸ್ ಕೈ ಎತ್ತಿದಳು. ಅವನೂ ಕೈ ಎತ್ತಿದ. ಕೊಳವೆಯನ್ನು ಅಲ್ಲೇ ಬಿಟ್ಟು, ನಾಳೆ ನೋಡೋಣ ಎಂದುಕೊಂಡ. ಹೀಗೆ ಇನ್ನೂ ಐದು ನಾಳೆಗಳು ಹೋದವು. ಪ್ರತಿ ನಾಳೆಗೂ ಪಾತಿಯಲ್ಲಿ ಒಂದೋ ಎರಡೋ ಗುಂಡಿ.

ಗುರುವಾರ ನರ್ಸ್ ನೊರೀನ್ ಬಂದಿದ್ದಳು. ವಾರಕ್ಕೆ ಮೂರು ಸಲ ಬಂದು ಮೇವಿಸ್‌ಳ ಮೈ ಒರೆಸಿ, ಕಾಲಿನ ಬಾವು ನೋಡಿ ಹೋಗುವ ಹೆಂಗಸು. ಹೊರಡುವಾಗ ಸಿರಿಲ್‌ನನ್ನು ಬಾಗಿಲ ಹತ್ತಿರ ಕರೆದು ಮೆಲ್ಲಗೆ, "ಚಮಚ ಹಿಡಿದು ಬಲವಂತ ಮಾಡಬೇಡಿ ಸಿರಿಲ್. ಅವರಿಗೆ ಬೇಡ ಅನ್ಸೋದು ಕಾಯಿಲೆಯಲ್ಲ ಈಗ. ದೇಹಕ್ಕೇ ಸಾಕಾಗಿರತ್ತೆ. ತುಟಿ ಒದ್ದೆ ಮಾಡಿ, ಹತ್ತಿರ ಕೂತ್ಕೊಳ್ಳಿ" ಅಂದಳು.

"ತಿನ್ನದಿದ್ರೆ ಹೇಗೆ ಸಿಸ್ಟರ್?"

ಅವಳು ಅವನ ತೋಳು ಮುಟ್ಟಿ ಹೋದಳು. ಸಿರಿಲ್‌ಗೆ ಅವಳ ಮೇಲೆ ಸಿಟ್ಟು ಬಂತು. ಬೇಕೆಂದೇ ಕಸ್ಟರ್ಡ್ ಬಿಸಿ ಮಾಡಿಕೊಂಡು ಒಳಗೆ ಹೋದ.

ಮೇವಿಸ್ ಅವನತ್ತ ತಿರುಗಲಿಲ್ಲ. ಅವಳು ಕಿಟಕಿಯ ಹೊರ ಅಂಚನ್ನು ನೋಡುತ್ತಿದ್ದಳು. ಅಲ್ಲಿ, ಗಾಜಿಗೆ ತಾಗಿದಂತೆ, ಹೆಡ್‌ಮಾಸ್ಟರ್ ಕೂತಿತ್ತು. ಪುಕ್ಕವೆಲ್ಲ ಉಬ್ಬಿ ಅದು ಎರಡರಷ್ಟಾಗಿ ಕಾಣುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಕತ್ತು ಮುಂದೆ ಚಾಚುವುದು, ನುಂಗುವುದು, ಮತ್ತೆ ಚಾಚುವುದು. ಒಳಗೆ ಹೋಗುವುದಕ್ಕೆ ಬಾಯಲ್ಲಿ ಏನೂ ಇರಲಿಲ್ಲ.

"ಚಳಿ ಅಕ್ಕ. ಚಳಿಗೆ ಹಾಗೆ ಉಬ್ಬಿಕೊಳ್ತವೆ" ಅಂದ ಸಿರಿಲ್.

"ಹದಿಮೂರು" ಅಂದಳು ಮೇವಿಸ್.

"ಏನು ಹದಿಮೂರು?"

"ನೀನು ಹೂತಿರೋದು. ಇದು ಹದಿನಾಲ್ಕನೇದು ಆಗತ್ತೆ. ನಾನು ನಿದ್ದೆ ಮಾಡ್ತೀನಿ ಅಂದ್ಕೊಂಡಿದೀಯಾ? ಈ ಎದೆ ಇಟ್ಕೊಂಡು ಯಾರೋ ನಿದ್ದೆ ಮಾಡ್ತಾರೆ? ಕಣ್ಣು ಮುಚ್ಚಿರ್ತೀನಿ ಅಷ್ಟೇ, ನೀನು ನೋಡ್ತೀಯ ಅಂತ."

ಸಿರಿಲ್ ಬಟ್ಟಲು ಹಿಡಿದು ನಿಂತೇ ಇದ್ದ. ಅರವತ್ತೆಂಟು ವರ್ಷದ ಮನುಷ್ಯ, ಗಾಜು ಒಡೆದು ಸಿಕ್ಕಿಬಿದ್ದ ಹುಡುಗನಂತೆ ನಿಂತಿದ್ದ.

"ತಟ್ಟೆ ಯಾವತ್ತು ತೊಳೆದೆ?"

"ತೊಳೆದಿಲ್ಲ."

"ಅಕ್ಟೋಬರಿಂದ?"

"ಒಂದು ಸಲಾನೂ ಇಲ್ಲ ಅಕ್ಕ."

ಅವಳು ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮೇವಿಸ್ ಉಸಿರು ಸುಧಾರಿಸಿಕೊಂಡಳು. "ಮೂವತ್ತೊಂದು ವರ್ಷ, ದಿನಕ್ಕೆ ಇನ್ನೂರು ಮಕ್ಕಳು. ನನ್ನ ಕೈ ಊಟ ಉಂಡು ಒಬ್ಬನಿಗೂ ಹೊಟ್ಟೆ ಕೆಡಲಿಲ್ಲ. ಈಗ ನನ್ನ ಹಿತ್ತಲಲ್ಲೇ, ನನ್ನ ತಟ್ಟೆಯಲ್ಲೇ..."

"ಗೊತ್ತಿದ್ರೆ ಯಾಕೆ ಹೇಳಲಿಲ್ಲ ನನಗೆ?"

"ನನಗೂ ಆಸೆ ಇತ್ತು ಕಣೋ." ಅವಳ ಕಣ್ಣು ತುಂಬಿತು. "ಅವು ಬರೋದು ನೋಡಬೇಕು ಅಂತ. ಇನ್ನೊಂದು ದಿನ, ಇನ್ನೊಂದು ದಿನ ಅಂತ ನಾನೂ ಸುಮ್ಮನಿದ್ದೆ. ನಿನ್ನೊಬ್ಬನದೇ ತಪ್ಪಲ್ಲ. ಸಾಯೋಳಿಗೆ ಯಾಕೋ ಇಷ್ಟು ಆಸೆ? ಹೋಗು, ಕೆಟಲ್ ಇಡು."

ಆ ಮಧ್ಯಾಹ್ನ ತೊಳೆಯುವ ಕೆಲಸ ನಡೆಯಿತು. ಮೇವಿಸ್ ಹಟ ಹಿಡಿದು ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆಸಿದಳು. ಎರಡು ಕಂಬಳಿ ಹೊದ್ದು ಅಲ್ಲಿಂದಲೇ ಅಪ್ಪಣೆ ಕೊಟ್ಟಳು.

"ಅದು ಕುದ್ದಿದೆಯೇನೋ?"

"ಕುದ್ದಿದೆ."

"ಬಿಸಿಯಾಗೋದು ಬೇರೆ, ಕುದಿಯೋದು ಬೇರೆ. ಮತ್ತೆ ಇಡು. ತಳದ ಮುಚ್ಚಳ ಬಿಚ್ಚು, ಅಲ್ಲೇ ಇರೋದು ಕೊಳೆ."

ಮುಚ್ಚಳ ಬಿಚ್ಚಿದಾಗ ಕಪ್ಪಗೆ ಮುದ್ದೆಗಟ್ಟಿದ ಕಾಳು ಕೆಳಕ್ಕೆ ಬಿತ್ತು. ಗಬ್ಬು ವಾಸನೆ. ನಾಲ್ಕು ತಿಂಗಳು ದಿನವೂ ಪ್ರೀತಿಯಿಂದ ಬಡಿಸಿದ್ದು ಇದರ ಮೇಲೆ. ಅವನು ಕೈ ಬೆಂದರೂ ಬಿಡದೆ ತಿಕ್ಕಿದ. ಗುಬ್ಬಚ್ಚಿಗಳು ಗೋಡೆಯ ಮೇಲೆ ಸಾಲಾಗಿ ಕೂತು ಇದೇನು ಎಂದು ನೋಡಿದವು. ಕೊಳವೆ, ತಟ್ಟೆ, ನೀರಿನ ಬೋಗುಣಿ ಎಲ್ಲವೂ ಶೆಡ್ಡಿಗೆ ಹೋದವು. ಸಂಜೆಗೆ ಕಿಟಕಿಯ ಅಂಚಿನಲ್ಲಿದ್ದ ಹೆಡ್‌ಮಾಸ್ಟರನ ತಲೆ ಪಕ್ಕಕ್ಕೆ ವಾಲಿತು. ಈ ಸಲ ಮುಚ್ಚುಮರೆ ಇರಲಿಲ್ಲ. ಸಿರಿಲ್ ಅದನ್ನು ಒಳಗೆ ತಂದು ತೋರಿಸಿದ. ಮೇವಿಸ್ ಗಾಜಿನಾಚೆಯಿಂದಷ್ಟೇ ಕಂಡಿದ್ದ ಆ ಹಕ್ಕಿಯನ್ನು ಮೊದಲ ಸಲ ಹತ್ತಿರದಿಂದ ನೋಡಿ, "ಎಷ್ಟು ಚಿಕ್ಕದೋ" ಅಂದಳು.

ಮುಂದಿನ ಎರಡು ದಿನ ಕೆಟ್ಟ ದಿನಗಳು. ಹಕ್ಕಿಗಳು ಬಂದವು, ಬೋಳು ಕಂಬದ ಮೇಲೆ ಕೂತವು, ಕಿಟಕಿಯ ಕಡೆ ನೋಡಿದವು, ಹೋದವು. ಶನಿವಾರ ಸಂಜೆಯ ಹೊತ್ತಿಗೆ ಬರುವುದನ್ನೇ ನಿಲ್ಲಿಸಿದವು. ಅದೇ ಆಗಬೇಕಾಗಿದ್ದದ್ದು, ಆದರೂ ಸಿರಿಲ್ ಮತ್ತೆ ಮತ್ತೆ ಕಂಬದ ಕಡೆ ನೋಡಿದ. ಮೇವಿಸ್ ಗೋಡೆಯನ್ನು ನೋಡುತ್ತ ಮಲಗಿದ್ದಳು.

ಭಾನುವಾರ ಬೆಳಿಗ್ಗೆ ಯಾವುದೋ ಬೆಕ್ಕು ಪಾತಿಯನ್ನು ಕೆರೆದಿತ್ತು. ಗುಂಡಿಗಳು ಆಳ ಸಾಲದೆಂದು ಸಿರಿಲ್ ದೊಡ್ಡ ಸಲಿಕೆ ತಂದು ಸತ್ತ ಹಕ್ಕಿಗಳನ್ನೆಲ್ಲ ಒಂದೇ ಮೂಲೆಯಲ್ಲಿ ಮೊಣಕಾಲುದ್ದ ಆಳಕ್ಕೆ ಇಳಿಸಿದ. ಮೂಲೆಯಿಂದ ಶುರುವಾದ ಅಗೆತ ಪಾತಿಯ ನಡುವಿನ ತನಕ ಬಂತು. ನಿಲ್ಲಿಸಿ ಒಳಗೆ ಹೋಗುವ ಮನಸ್ಸಾಗಲಿಲ್ಲ, ಅದಕ್ಕೇ ಅಗೆದ. ಬೆನ್ನು ನೆಟ್ಟಗೆ ಮಾಡಿಕೊಳ್ಳುವಾಗ ಸಲಿಕೆಯ ಪಕ್ಕದಲ್ಲೇ, ಬೂಟಿನಿಂದ ಮೊಳದಷ್ಟು ದೂರದಲ್ಲಿ, ಕೆಂಪು ಎದೆಯ ಒಂದು ರಾಬಿನ್ ನಿಂತಿತ್ತು. ಮಗುಚಿದ ಹಸಿಮಣ್ಣಿನಿಂದ ಒಂದು ಹುಳವನ್ನು ಜಗ್ಗಿ ಎಳೆದು ನುಂಗಿತು. ಸಲೀಸಾಗಿ ನುಂಗಿತು. ಆ ನುಂಗುವಿಕೆಯನ್ನು ನೋಡಿ ಸಿರಿಲ್‌ಗೆ ಅಳು ಬಂತು.

ಕಿಟಕಿಯ ಗಾಜಿನ ಮೇಲೆ ಟಕ್ ಟಕ್ ಎಂದು ಶಬ್ದವಾಯಿತು. ಮೇವಿಸ್ ಬಟ್ಟಲಿನ ಚಮಚದಿಂದ ಬಡಿಯುತ್ತಿದ್ದಳು. ಅವನು ಗಾಬರಿಯಾಗಿ ಓಡಿದ.

"ಏನಾಯ್ತು ಅಕ್ಕ?"

"ಅಡ್ಡ ನಿಂತಿದೀಯ!" ಅಂದಳು. ಕೆನ್ನೆಯಲ್ಲಿ ಬಣ್ಣ ಬಂದಿತ್ತು. "ನಿನ್ನ ಬೆನ್ನು ನೋಡೋಕಾ ನಾನು ಬದುಕಿರೋದು? ಎಡಕ್ಕೆ ಸರಿದು ಅಗೆ."

ಅಂದಿನಿಂದ ಸಿರಿಲ್ ದಿನಾ ಬೆಳಿಗ್ಗೆ ಪಾತಿ ಅಗೆದ. ಅಗೆದದ್ದನ್ನೇ ಅಗೆದ. ಒಂದು ಹೆಜ್ಜೆ ಎಡಕ್ಕೆ ಸರಿದು ನಿಲ್ಲುವುದು ಅವನ ಕಾಲಿಗೇ ಅಭ್ಯಾಸವಾಯಿತು. ಕಾಳಿಲ್ಲ, ತಟ್ಟೆಯಿಲ್ಲ, ಎಂಜಲಿಲ್ಲ. ಮಣ್ಣು ಮಗುಚಿದರೆ ಸಾಕು, ರಾಬಿನ್ ಒಂದೇ ಬರುತ್ತಿತ್ತು. ಇನ್ನೊಂದು ಬಂದರೆ ಹೊಡೆದೋಡಿಸುತ್ತಿತ್ತು. "ಇದು ನಮ್ಮ ಸ್ಕೂಲ್ ಇನ್ಸ್‌ಪೆಕ್ಟರ್" ಎಂದು ಮೇವಿಸ್ ಹೆಸರಿಟ್ಟಳು. "ಒಬ್ಬನೇ ಬರ್ತಾನೆ, ಮುಖ ಗಂಟು ಹಾಕ್ಕೊಂಡು."

ಒಂದು ದಿನ ಗೋಡೆಯ ಮೇಲೆ ಟ್ರೆವರನ ತಲೆ ಬಂತು. "ಆಲೂಗಡ್ಡೆನಾ? ಈಗಲೇ ಹಾಕಬೇಡ ಕಣಯ್ಯ, ಇನ್ನೂ ಹಿಮ ಬೀಳತ್ತೆ."

"ಏನೂ ಹಾಕಲ್ಲ."

"ಮತ್ತೆ ನಿನ್ನೆ ಅಗೆದೆ, ಮೊನ್ನೆ ಅಗೆದೆ?"

ಸಿರಿಲ್ ಗದ್ದ ಎತ್ತಿ ಕಿಟಕಿ ತೋರಿಸಿದ. ಟ್ರೆವರ್ ಅತ್ತ ನೋಡಿದ, ರಾಬಿನ್ ಕಡೆ ನೋಡಿದ, ಗೋಡೆಯಾಚೆ ಇಳಿದ. ಮರುದಿನ ಸಿರಿಲ್ ಎದ್ದು ಬರುವಷ್ಟರಲ್ಲಿ ಹುಳ ತುಂಬಿದ ಎಲೆಗೊಬ್ಬರದ ಎರಡು ಬಕೆಟ್ ಗೋಡೆಯ ಈಚೆ ಇಳಿದಿದ್ದವು.

ಮಾರ್ಚಿನ ಎರಡನೆಯ ವಾರ ಮೇವಿಸ್ ಚಮಚ ಕಂಡರೆ ಮುಖ ತಿರುಗಿಸತೊಡಗಿದಳು. ಸಿರಿಲ್ ಬಿಡಲಿಲ್ಲ. "ಒಂದೇ ಒಂದು ಅಕ್ಕ. ನನಗೋಸ್ಕರ."

ಅವಳು ಅವನ ಕೈ ಹಿಡಿದುಕೊಂಡಳು. ಆ ಬೆರಳುಗಳಲ್ಲಿ ಶಕ್ತಿಯೇ ಇರಲಿಲ್ಲ. "ಸಿರಿಲ್. ಹಕ್ಕಿಗಳಿಗೆ ಬಡಿಸೋದು ಬಿಟ್ಟೆಯಲ್ಲ. ನನಗೂ ಬಿಡೋ."

"ನನ್ನಿಂದಾಗಲ್ಲ ಅಕ್ಕ."

"ಆಗತ್ತೆ. ನಿನ್ನ ನಾನೇ ಬೆಳೆಸಿರೋದು, ನನಗೆ ಗೊತ್ತಿಲ್ವಾ? ಬಟ್ಟಲು ಕೆಳಗಿಡು. ಹೋಗಿ ಅಗೆ, ನಾನು ನೋಡ್ತೀನಿ."

ಅವನು ಬಟ್ಟಲು ಕೆಳಗಿಟ್ಟ. ತುಟಿ ಒದ್ದೆ ಮಾಡಿ, ಹೋಗಿ ಅಗೆದ. ತನಗೆ ಗೊತ್ತಿದ್ದ ಪ್ರೀತಿಯೆಲ್ಲ ಯಾರಿಗಾದರೂ ಏನಾದರೂ ತಿನ್ನಿಸುವುದರಲ್ಲೇ ಇತ್ತು, ಅದನ್ನು ಅವನು ಕಲಿತದ್ದೂ ಅವಳಿಂದಲೇ. ಅದನ್ನೂ ಅವಳು ಕಿತ್ತುಕೊಂಡಳಲ್ಲ ಎಂದು ಸಲಿಕೆಯನ್ನು ಸಿಟ್ಟಿನಿಂದ ನೆಲಕ್ಕೆ ತುಳಿದ. ತಿರುಗಿ ನೋಡಿದಾಗ ಗಾಜಿನಾಚೆ ಅವಳ ತುಟಿ ಅಲುಗುತ್ತಿತ್ತು. ಇನ್ಸ್‌ಪೆಕ್ಟರನಿಗೆ ಏನೋ ಹೇಳುತ್ತಿದ್ದಳು.

ಹತ್ತೊಂಬತ್ತನೆಯ ತಾರೀಕು ಬೆಳಗಿನ ಜಾವ, ಸಿರಿಲ್ ಪಕ್ಕದ ಕುರ್ಚಿಯಲ್ಲಿ ಕೂತಿರುವಾಗಲೇ, ಮೇವಿಸ್ ಹೋದಳು. ಕಷ್ಟಪಡಲಿಲ್ಲ.

ಅಂತ್ಯಕ್ರಿಯೆ ಮುಂದಿನ ಶುಕ್ರವಾರ. ಆಸ್ಪತ್ರೆಯವರು ಬಂದು ಮಂಚ ಒಯ್ದಿದ್ದರು. ಹಿಂದಿನ ಕೋಣೆಯ ನೆಲದಲ್ಲಿ ಅದರ ನಾಲ್ಕು ಚಕ್ರದ ಗುರುತು ಉಳಿದಿತ್ತು. ಕಪ್ಪು ಟೈ ಕಟ್ಟಿಕೊಂಡು ಸಿರಿಲ್‌ನನ್ನು ಕರೆಯಲು ಬಂದ ಟ್ರೆವರ್ ಮನೆಯಲ್ಲೆಲ್ಲ ಹುಡುಕಿ ಹಿತ್ತಲಿಗೆ ಬಂದ. ಸಿರಿಲ್ ಕಪ್ಪು ಪ್ಯಾಂಟಿನ ಕಾಲುಗಳನ್ನು ರಬ್ಬರ್ ಬೂಟಿನೊಳಗೆ ತುರುಕಿಕೊಂಡು ಪಾತಿ ಅಗೆಯುತ್ತಿದ್ದ. ಕೋಟನ್ನು ಬೋಳು ಕಂಬದ ಕೊಕ್ಕೆಗೆ ನೇತುಹಾಕಿದ್ದ.

"ಕಾರು ಬಂದಿದೆ ಕಣಯ್ಯ" ಅಂದ ಟ್ರೆವರ್.

"ಬಂದೆ. ಇನ್ನೊಂದು ಸಾಲು."

ಟ್ರೆವರ್ ಗೋಡೆಗೆ ಒರಗಿ ಕಾದ. ಸಿರಿಲ್ ಕಡೆಯ ಸಲ ಮಣ್ಣು ಮಗುಚಿ ಸಲಿಕೆ ಊರಿ ನಿಂತ. ಗೋಡೆಯಿಂದ ರಾಬಿನ್ ಹಾರಿ ಬಂದು ಹಸಿಮಣ್ಣಿನ ಮೇಲೆ ಇಳಿಯಿತು. ಅದು ಇಳಿಯುತ್ತಿದ್ದಂತೆ ಸಿರಿಲ್, ಕಿಟಕಿಗೆ ಅಡ್ಡವಾಗದ ಹಾಗೆ, ಒಂದು ಹೆಜ್ಜೆ ಎಡಕ್ಕೆ ಸರಿದು ನಿಂತ.